ಹತ್ತು ಮಿಲಿಮೀಟರ್ ಗಾಳಿ

೧೯೮೧ರಲ್ಲಿ, ಎಂಟನೆಯ ತರಗತಿಗೆ, ನನ್ನ ಓದು ನಿಂತಿತು. ಮುಂಬೈನ ಬೈಕುಲ್ಲಾದ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಹತ್ತು ವರ್ಷ ಹಲಗೆಗಳಿಗೆ ಪಾಲಿಶ್ ಪೇಪರ್ ಉಜ್ಜಿದೆ. ಆಮೇಲೆ ಸೇಠ್ ಒಂದು ಹಳೆಯ ಸಿಎನ್‌ಸಿ ರೂಟರ್ ತರಿಸಿದ. ನಂಬರುಗಳಲ್ಲಿ ಪ್ರೋಗ್ರಾಂ ಬರೆದು ಕೊಟ್ಟರೆ ಬಿಟ್ ಎಂಬ ತಿರುಗುವ ಅಲಗಿನಿಂದ ತಾನೇ ಮರ ಕೊರೆಯುವ ಯಂತ್ರ. ಅದನ್ನು ಕೂಡಿಸಲು ಬಂದವನ ಬೆನ್ನು ಹತ್ತಿ ಕಲಿತೆ. ಅವನು ಕಲಿಸಲಿಲ್ಲ, ನಾನು ಕಲಿತೆ. ಸೇಠ್ ಹೇಳಿದ್ದು ಒಂದೇ ಮಾತು: ಬಿಟ್ ಮುರಿದ ದಿನ ವಾಪಸ್ ಪೇಪರ್ ಉಜ್ಜಬೇಕು.

ಹಾಗಾಗಿ ಹೊಸ ಪ್ರೋಗ್ರಾಂ ಯಾವುದನ್ನೂ ನೇರ ಮರಕ್ಕೆ ಇಳಿಸುತ್ತಿರಲಿಲ್ಲ. ಬಿಟ್‌ನ ಅಳತೆಗೆ ಹತ್ತು ಮಿಲಿಮೀಟರ್ ತಾತ್ಕಾಲಿಕ ಆಫ್‌ಸೆಟ್ ಕೊಡುತ್ತಿದ್ದೆ, ಬಿಟ್ ಅಷ್ಟು ಹೆಚ್ಚು ಉದ್ದವಿದೆ ಎಂದು ಮಷೀನಿಗೆ ಹೇಳುವ ಸುಳ್ಳು ಲೆಕ್ಕ. ಬಿಟ್ ಅಷ್ಟು ಮೇಲೆದ್ದು ಹಲಗೆ ಮುಟ್ಟದೆ ಗಾಳಿಯಲ್ಲೇ ಓಡುತ್ತಿತ್ತು. ತಪ್ಪಿದ್ದರೆ ಅಲ್ಲೇ ಕಾಣುತ್ತಿತ್ತು. ಕರೆಂಟ್ ಹೋಗಿ ಮಷೀನ್ ಬಂದ್ ಆದರೆ ಈ ಆಫ್‌ಸೆಟ್ ತಾನಾಗಿ ಅಳಿಸಿಹೋಗುತ್ತದೆ. ಅದು ಇರುವಷ್ಟು ಹೊತ್ತು ಗುರುತಿಗೆ ಪ್ಯಾನೆಲ್‌ಗೆ ಕೆಂಪು ಚಿಂದಿ ಕಟ್ಟಿರುತ್ತಿದ್ದೆ.

ಪಕ್ಕದ ಬೆಂಚಿನ ಬಡಗಿ ಬಿಜಾಪುರ ಕಡೆಯ ಚಾಚಾ.

"ಏನ್ ತಮ್ಮಾ, ಗಾಳಿಗೆ ಕ್ಷೌರ ಮಾಡಾಕತ್ತೀಯೇನು?"

"ಗಾಳಿಗೆ ಗಾಯ ಆದ್ರ ನಡಿತೈತಿ, ಚಾಚಾ."

ಒಂದು ಮಧ್ಯಾಹ್ನ ಹೊಸ ಬಾಗಿಲಿನ ಪ್ರೋಗ್ರಾಂ ಗಾಳಿಯಲ್ಲಿ ಓಡುತ್ತಿತ್ತು. ಕೆಳಗೆ ಸಾಗವಾನಿಯ ಟೆಂಪೋ ಬಂತು, ಇಳಿಸಲು ನನ್ನನ್ನೂ ಕರೆದರು. ಚಿಂದಿ ಕಟ್ಟೇ ಇತ್ತು. ನಾನು ಕೆಳಗಿದ್ದಾಗ ಸೇಠ್ ಬಂದನಂತೆ. "ಖಾಲಿ ಹವಾ ಕಾಟ್ ರಹಾ ಹೈ! ಬಿಟ್ ನೀಚೇ ಖೀಂಚೋ," ಎಂದು ಚಾಚಾಗೆ ಹೇಳಿ, ಬರೀ ಗಾಳಿ ಕೊರೆಯುತ್ತಿದೆಯೆಂದು ಮಷೀನ್ ನಿಲ್ಲಿಸಿದ. ಚಾಚಾ ಬಿಟ್ಟನ್ನು ಸಡಿಲಿಸಿ, ಹಲಗೆಗೆ ತಾಗುವಷ್ಟು ಕೆಳಗೆ ಎಳೆದು ಬಿಗಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಸೇಠ್ ಕ್ಯಾಬಿನ್‌ಗೆ ಹೋದ, ಚಾಚಾ ಚಹಾಕ್ಕೆ.

ನಾನು ಮೇಲೆ ಬಂದಾಗ ಇದೊಂದೂ ಗೊತ್ತಿಲ್ಲ. ಕರೆಂಟ್ ಬಂತು. ಆಫ್‌ಸೆಟ್ ಅಳಿಸಿಹೋಗಿರುತ್ತದೆ ಎಂದು ಚಿಂದಿ ಬಿಚ್ಚಿದೆ. ನನ್ನ ಲೆಕ್ಕ ಸರಿಯಾಗಿತ್ತು. ಈ ಸಲ ಮರಕ್ಕೇ ಇಳಿಸೋಣವೆಂದು ಬಟನ್ ಒತ್ತಿದೆ. ಆಫ್‌ಸೆಟ್ ಹೋಗಿತ್ತು, ಚಾಚಾ ಎಳೆದ ಬಿಟ್ ಮಾತ್ರ ಕೆಳಗೇ ಇತ್ತು; ಅದು ಹತ್ತು ಮಿಲಿಮೀಟರ್ ಹೆಚ್ಚು ಇಳಿಯಿತು, ಹಲಗೆ ತೂರಿ ಕಬ್ಬಿಣದ ಮೇಜಿಗೆ ಬಡಿದು ತುಂಡಾಯಿತು. ತುಂಡು ನನ್ನ ಎಡಗಣ್ಣಿಗೆ ಬಂತು.

ಆಸ್ಪತ್ರೆಯಲ್ಲಿ ಚಾಚಾ ಮಂಚದ ಪಕ್ಕ ತಲೆ ತಗ್ಗಿಸಿ ಕೂತಿದ್ದರು.

"ಹುಡುಗ ಬರ್ಲಿ ಸೇಠ್ ಅಂದೆ, ಕೇಳ್ಲಿಲ್ಲ. ಎಳದಾವ ನಾನ. ಬಯ್ಯಿ ನನಗ."

"ಚಿಂದಿ ಕಟ್ಟಿದ್ದೆ ಇಲ್ಲೋ, ಚಾಚಾ?"

"ಕಟ್ಟಿದ್ದಿ."

"ಅಷ್ಟ ಸಾಕು."

ತಿರುಗಿ ಕಾರ್ಖಾನೆಗೆ ಹೋದಾಗ ಮಷೀನ್ ಮುಂದೆ ಬೇರೆಯವನಿದ್ದ. "ಬಿಟ್ ತೋ ಟೂಟಾ ನಾ," ಎಂದ ಸೇಠ್, ಬಿಟ್ ಮುರಿದ ದಿನದ ಮಾತಿನಂತೆ ಪಾಲಿಶ್ ಪೇಪರ್ ಮುಂದೆ ಹಿಡಿದ. ಚಾಚಾ ಬೆಂಚಿನಿಂದ ತಲೆ ಎತ್ತಲಿಲ್ಲ. ಪೇಪರ್ ಮುಟ್ಟದೆ ಮೆಟ್ಟಿಲಿಳಿದೆ. ಆಮೇಲಿನ ವರ್ಷಗಳಲ್ಲಿ ಸ್ಟೇಷನ್‌ಗಳಲ್ಲಿ ಹಮಾಲಿಯನ್ನೂ ಮಾಡಿದ್ದೇನೆ.

ಈಗ ಮುಂಬೈ ಅಂಚಿನ ದಹಿಸರ್‌ನಲ್ಲಿ ನನ್ನದು ಒಂದು ಶೆಡ್ ಇದೆ. ಎರಡು ರೂಟರ್, ನಾಲ್ವರು ಕೆಲಸಗಾರರು, ವಠಾರದಂಥ ಚಾಳಿನಲ್ಲಿ ಒಂದು ಖೋಲಿ, ಒಂದು ಕಣ್ಣು.