ರೆಪ್ಪೆಯಕ್ಕನ ಅಂಗೈ

ಆಸ್ಪತ್ರೆಯ ಆ ದಾದಿಗೆ ಎಲ್ಲರೂ ಇಟ್ಟ ಹೆಸರು ರೆಪ್ಪೆಯಕ್ಕ; ಯಾರೇ ಎದುರಾಗಲಿ, “ಚೆನ್ನಾಗಿದ್ದೀರಾ?” ಎಂದು ಬಾಯಿ ಕೇಳುವ ಮೊದಲೇ ಹೆಬ್ಬೆರಳು ಅವರ ಕೆಳರೆಪ್ಪೆಯನ್ನು ಜಗ್ಗಿರುತ್ತದೆ. ರಕ್ತ ಕಡಿಮೆಯಾದರೆ ಮೈಯೇ ಬಿಳಿಚಿಕೊಂಡು ಹೇಳುತ್ತದೆ, ಸೂಜಿ ಏಕೆ ಎಂಬುದು ಆಕೆಯ ವಾದ. ಬಸ್ ಕಂಡಕ್ಟರನ ಉಗುರನ್ನೂ ಬಿಟ್ಟವಳಲ್ಲ, ಮೊದಲ ಸಲ ಮನೆಗೆ ಬಂದ ಬೀಗರ ನಾಲಿಗೆಯನ್ನೂ ಬಿಟ್ಟವಳಲ್ಲ. ಅನುಮಾನ ಉಳಿದರೆ ಅವರ ಅಂಗೈ ಪಕ್ಕ ತನ್ನದನ್ನಿಟ್ಟು, “ನೋಡಿ, ನನ್ನ ಥರಾನೇ ಇದೆ. ಏನೂ ಆಗಿಲ್ಲ, ಹೋಗಿ” ಎಂದು ತೀರ್ಪು ಕೊಟ್ಟರೆ ಮುಗಿಯಿತು, ಮೇಲ್ಮನವಿ ಇಲ್ಲ. ಆದರೆ ಬೆರಳಿಗೆ ಸಿಕ್ಕಿಸಿದರೆ ಸಾಕು, ಚುಚ್ಚದೆಯೇ ರಕ್ತದ ಅಂಕಿ ತೋರಿಸುವ ಹೊಸ ಯಂತ್ರ ಬಂದಾಗಿನಿಂದ ಆಕೆಯ ತಲೆ ಗೊಂದಲದ ಗೂಡು. ಆಕೆ ಪಾಸು ಮಾಡಿದವರನ್ನೆಲ್ಲ ಅದು ನಪಾಸು ಮಾಡುತ್ತದೆ. ಗಾಜು ಒರೆಸಿದ್ದಾಯಿತು, ಬ್ಯಾಟರಿ ಬದಲಿಸಿದ್ದಾಯಿತು, “ನಿನಗೇನು ಕಣ್ಣಿದೆಯಾ?” ಎಂದು ಬೈದದ್ದೂ ಆಯಿತು. ಕೊನೆಗೆ ಅದರ ಬಂಡವಾಳ ಬಯಲು ಮಾಡಲೆಂದು ತನ್ನ ಬೆರಳನ್ನೇ ಸಿಕ್ಕಿಸಿ ನೋಡಿದರೆ, ಅಂದು ಬಂದವರೆಲ್ಲರಿಗಿಂತ ಕಡಿಮೆ ಅಂಕಿ! “ಪೂರ್ತಿ ಕೆಟ್ಟಿದೆ ಇದು” ಎಂದು ಏದುಸಿರು ಬಿಡುತ್ತ ಕುಳಿತಳು. ಹೋದ ತಿಂಗಳು ಇದೇ ಅಂಗೈ ತೀರ್ಪಿನ ಮೇಲೆ ಮನೆಗೆ ಕಳಿಸಿದ್ದ ಸ್ವಂತ ತಂಗಿ, ತಲೆಸುತ್ತು ನಿಲ್ಲದೆ ಮತ್ತೆ ಬಂದಿದ್ದಳು. “ಅಕ್ಕಾ, ಎಲ್ಲರದ್ದೂ ನೀನು ನೋಡ್ತೀಯ. ನಿಂದು ಯಾರು ನೋಡಿದ್ದಾರೆ?” ಎನ್ನುತ್ತ ಅವಳು ಅಕ್ಕನ ರೆಪ್ಪೆ ಜಗ್ಗಿದಳು, ಒಳಗೆ ಸುಣ್ಣ ಬಳಿದ ಗೋಡೆ. ಅಕ್ಕ ಅಭ್ಯಾಸಬಲದಿಂದ ತಂಗಿಯ ಅಂಗೈ ಪಕ್ಕ ತನ್ನದನ್ನಿಟ್ಟಳು. “ನನ್ನ ಥರಾನೇ ಇದೆ” ಎಂದವಳು, “ಏನೂ ಆಗಿಲ್ಲ” ಎನ್ನುವ ಬದಲು ಸೂಜಿಯ ಡಬ್ಬಿಗೆ ಕೈ ಚಾಚಿದಳು.