ತವರಿನ ಸೀರೆ ತರಲು ಹೊಣಕೆರೆಗೆ

ಶ್ರೀರಂಗಪಟ್ಟಣದಲ್ಲಿ ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದೆ. ಅಕ್ಕಿಹೆಬ್ಬಾಳಿನಲ್ಲಿ ಅಜ್ಜಿ ತೀರಿಕೊಂಡಿದ್ದಳು. ಆದರೆ ನಾನು ಹೊರಟಿದ್ದು ಅಲ್ಲಿಗಲ್ಲ, ಅಜ್ಜಿಯ ತವರು ಹೊಣಕೆರೆಗೆ. ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ತೊಂಬತ್ತರ ದಶಕದ ಆ ಆಷಾಢದಲ್ಲಿ ನಮ್ಮಂಥವರಿಗೆ ಮೊಬೈಲ್ ಎಲ್ಲಿಯದು? ಪಕ್ಕದ ಅಂಗಡಿಯ ಫೋನಿಗೆ ಕರೆ ಮಾಡಿದ್ದ ಅಪ್ಪ ಹೇಳಿದ್ದು ಇಷ್ಟೇ: "ನಾವು ಗಂಡಸ್ರು ಅಲ್ಲಿಗೋದ್ರೆ ಒಡೆದಾಟ ಆಯ್ತದೆ. ನೀನು ಇಸ್ಕೂಲ್ ಟೀಚರು, ನಿನ್ ಮಾತು ಕೇಳ್ತಾರೆ. ಒತ್ತು ಮುಳುಗೋದ್ರೊಳಗೆ ಸೀರೆ ತಂದ್ಬುಡವ್ವ."

ನನ್ನ ಮಾತನ್ನು ಮೂರನೇ ಕ್ಲಾಸಿನ ಮಕ್ಕಳೇ ಕೇಳುತ್ತಿರಲಿಲ್ಲ.

ಪಾಂಡವಪುರದಲ್ಲಿ ಇಳಿದು ನಾಗಮಂಗಲದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಜಿಟಿಜಿಟಿ ಮಳೆ. ಇಪ್ಪತ್ತು ವರ್ಷದ ಹಿಂದೆ ಹೊಣಕೆರೆಯ ಒಂದು ಮದುವೆಯಲ್ಲಿ ಅಜ್ಜಿಯ ತಮ್ಮ ನಮ್ಮ ತಾತನನ್ನು ಎಲ್ಲರೆದುರು "ಕೂಳಿಗೆ ಬಂದವನು" ಎಂದುಬಿಟ್ಟಿದ್ದರು. ಅಜ್ಜಿ ಅರ್ಧ ಉಂಡ ಎಲೆ ಬಿಟ್ಟು ಎದ್ದು, ತಾತನ ಕೈ ಹಿಡಿದು ಹೊರಟುಬಂದವಳು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಆ ತಮ್ಮನ ಮುಂದೆ ನಾನು ಸೀರೆ ಕೇಳಬೇಕಿತ್ತು.

ಬಸ್ಸಿನಲ್ಲಿ ಅಜ್ಜಿಯದೇ ನೆನಪು. ತಾತನಿಗೆ ಟೈಫಾಯಿಡ್ ಬಂದಾಗ ತಿಂಗಳುಗಟ್ಟಲೆ ಅವನ ಮಂಚದ ಕೆಳಗೇ ಮಲಗಿದವಳು. ಆರು ಮಕ್ಕಳನ್ನು ಹೆತ್ತು, ನಾಲ್ವರನ್ನು ಉಳಿಸಿಕೊಂಡವಳು. ಮುದ್ದೆ ಪಾತ್ರೆಯ ತಳಕ್ಕೆ ಅಂಟಿದ ಗರಿಗರಿ ಸೀಕು ನನಗಿಷ್ಟವೆಂದು, ಉಳಿದ ಮೊಮ್ಮಕ್ಕಳ ಕಣ್ಣು ತಪ್ಪಿಸಿ ಸೆರಗಿನಲ್ಲಿ ತಂದುಕೊಡುತ್ತಿದ್ದಳು. ಅಂಥವಳನ್ನು ಸೀರೆಯಿಲ್ಲದೆ ಮಲಗಿಸಿ ಊರು ಕಾಯುತ್ತಿದೆಯಲ್ಲ ಎಂದು ಅಳು ಬಂತು. ಅತ್ತರೆ ಪಕ್ಕದವರು ಕಾರಣ ಕೇಳುತ್ತಾರೆಂದು ಅದಕ್ಕೂ ಹೆದರಿಕೆ.

ಹೊಣಕೆರೆ ಸೇರಿದಾಗ ಹತ್ತೂವರೆ ದಾಟಿತ್ತು. ಅಜ್ಜಿಯ ತಮ್ಮ ಜಗಲಿಯ ಮೇಲೆ ಕೂತಿದ್ದರು. ವಿಷಯ ಹೇಳಿದೆ. ಅವರು ಎದ್ದೇಳಲಿಲ್ಲ.

"ನಮ್ಮಕ್ಕ ಆವತ್ತೇ ಸತ್ತೋದ್ಲು. ಇನ್ನೊಂದ್ಸಲ ಎಂಗೆ ಸತ್ತಾಳು? ಓಗು."

ಹೊಸ ಸೀರೆಯನ್ನು ನಾನೇ ಕೊಂಡುಹೋಗಿ ಸುಳ್ಳು ಹೇಳಲೇ ಎಂದು ಯೋಚಿಸುತ್ತ ಬೀದಿಗೆ ಇಳಿದಾಗ ಹಿತ್ತಲಿನಿಂದ ಅವರ ಹೆಂಡತಿ ಕೈಸನ್ನೆ ಮಾಡಿದರು. ಹಳೆಯ ಟವೆಲಿನಲ್ಲಿ ಸುತ್ತಿದ ಹಸಿರು ರೇಷ್ಮೆ ಸೀರೆಯನ್ನು ನನ್ನ ಚೀಲಕ್ಕೆ ತುರುಕಿದರು.

"ಇದು ನಿಮ್ಮಜ್ಜೀದೇ ಕಣವ್ವ. ಓದ್ ವರ್ಸ ನಾಗಮಂಗಲದ ಸಂತೇಲಿ ಸಿಕ್ಕಿ ಕೊಟ್ಟಿದ್ರು. 'ನನ್ ತಮ್ಮ ಕೊಡಾಕಿಲ್ಲ, ನೀನು ಇಟ್ಕಂಡಿರು. ತವರ ಸೀರೆ ಬರ್ನಿಲ್ಲ ಅಂತ ನಮ್ಮ್ ಯಜಮಾನ್ರು ನಾಲ್ಕ್ ಜನದ ಮುಂದೆ ತಲೆ ತಗ್ಗಿಸ್ಬಾರ್ದು' ಅಂದ್ರು. ಯಾರ್ಗೂ ಏಳ್ಬೇಡ."

ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಬಣ್ಣ ಬದಲಾಯಿಸಿತು. ಈಗ ಸಿಕ್ಕಿಬೀಳುವ ಭಯ. ನಾಗಮಂಗಲದಿಂದ ಕೆ.ಆರ್.ಪೇಟೆಗೆ ಹೊರಟ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ಒಂದು ಗಂಟೆ ನಿಂತಿತು. ಮಡಿಲಲ್ಲಿ ಚೀಲ ಅವುಚಿಕೊಂಡು ಹೊತ್ತು ನೋಡುತ್ತಿದ್ದೆ. ಪಕ್ಕದ ಹೆಂಗಸು ಚೀಲದ ಬಾಯಲ್ಲಿ ಇಣುಕಿದ ಸೀರೆಯ ಅಂಚು ಕಂಡು ಬಿಡಲೇ ಇಲ್ಲ.

"ಬೋ ಚೆಂದಾಗದೆ. ಯಾರ್ಗವ್ವ?"

"ನಮ್ಮಜ್ಜಿಗೆ."

"ಪುಣ್ಯವಂತೆ ಬುಡು. ಮೊಮ್ಮಗಳು ಸೀರೆ ತತ್ತಾವ್ಳೆ."

ಅಕ್ಕಿಹೆಬ್ಬಾಳಿನಲ್ಲಿ ಇಳಿದಾಗ ಐದು ಗಂಟೆ. ಬೀದಿ ತುಂಬ ಜನ. ಸೀರೆ ಬಿಚ್ಚಿ ಅಜ್ಜಿಗೆ ಹೊದಿಸುವಾಗ ಎಲ್ಲರ ಕಣ್ಣೂ ಅದರ ಮೇಲೆ. ತಾತ ಬಗ್ಗಿ ಸೆರಗನ್ನು ಮುಟ್ಟಿ, ಅಂಚನ್ನು ಬೆರಳಲ್ಲಿ ಸವರಿ, ನನ್ನ ಕಡೆ ತಿರುಗಿದ.

"ಅವ್ನೇ ಕೊಟ್ಟನಾ?"

"ಹೂಂ ತಾತ, ಕೈಯಾರೆ ಕೊಟ್ಟರು" ಎಂದೆ.

"ಕೇಳ್ಸಿಕೊಂಡ್ರೇನ್ರಪ್ಪಾ? ನಮ್ಮವಳಿಗೆ ತವರ ಸೀರೆ ಬಂತು. ಎತ್ತಿ" ಎಂದ, ಬೀದಿಗೆಲ್ಲ ಕೇಳುವಂತೆ.

ಮೂರನೆಯ ದಿನದ ಹಾಲುತುಪ್ಪದ ಶಾಸ್ತ್ರ ಮುಗಿಸಿ ನಾನು ಶ್ರೀರಂಗಪಟ್ಟಣಕ್ಕೆ ಹೊರಟೆ. ತಾತ ಬಸ್ಸಿನವರೆಗೂ ಬಂದ. ನಾನು ಕಿಟಕಿ ಪಕ್ಕ ಕೂತ ಮೇಲೆ ಕಂಬಿ ಹಿಡಿದುಕೊಂಡು ಮೆಲ್ಲಗೆ ಹೇಳಿದ:

"ಆ ಸೀರೆ ನಾನು ಕೆ.ಆರ್.ಪೇಟೇಲಿ ತಂದ್ಕೊಟ್ಟಿದ್ದು ಕಣವ್ವ. ಉಡ್ಲೇ ಇಲ್ಲ ಅವ್ಳು. ಎಲ್ಲಿ ಅಂದ್ರೆ, ಗೆದ್ಲು ತಿಂದ್ಬುಡ್ತು ಅಂದಿದ್ಲು."

ಕ್ಷಮಿಸು ಎನ್ನಲು ಬಾಯಿ ತೆರೆದೆ. ತಾತ ಅವಕಾಶ ಕೊಡಲಿಲ್ಲ.

"ಅವ್ನು ಕೈಯಾರೆ ಕೊಟ್ಟ ಅಂದ್ಯಲ್ಲ, ಇನ್ಮುಂದೂ ಅಂಗೇ ಅನ್ನು."

ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅವನು ಒಬ್ಬನೇ ಊರ ಕಡೆ ನಡೆಯುತ್ತಿದ್ದ, ತಲೆ ಎತ್ತಿಕೊಂಡು.