ಹಳ್ಳಿ ಹಲ್ಲಿಯಾಗಬಾರದು

ದಸರೆ ಮುಗಿದ ವಾರ, ಸೇಡಂನ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಆ ಕಡೆ ಒಬ್ಬ ಹೆಣ್ಣುಮಗಳ ಖಡಕ್ ದನಿ.

"ಮೇಡಂ, ಕಂಪ್ಯೂಟರಿಗೆ ಕನ್ನಡ ಓದೋದು ಕಲಿಸಿದವರು ನೀವೇ ಏನ್ರಿ?"

"ಹೌದ್ರಿ," ಅಂದೆ, ಹೆಮ್ಮೆಯಿಂದಲೇ.

"ಹಂಗಾದ್ರ ಅದಕ್ಕ ಇನ್ನೊಮ್ಮೆ ಸಾಲಿಗೆ ಹಾಕ್ರಿ. ಹಳ್ಳಿಗೆ ಹಲ್ಲಿ ಅಂತದ."

ಇದು ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಕಾಲ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಒಂದು ಮುಕ್ತ ತಂತ್ರಾಂಶದ ಕೆಲಸ ಅಂಟಿಸಿಕೊಂಡಿದ್ದೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಕಣ್ಣಿಲ್ಲದವರಿಗಾಗಿ ಪರದೇಶದ ಒಬ್ಬಾತ ಶುರು ಮಾಡಿದ್ದ. ಒಳಗಿನ ಬರಹವೆಲ್ಲ ಬಿಚ್ಚಿಟ್ಟದ್ದು, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಪುಕ್ಕಟೆ ಹಂಚಬಹುದು. ಅದರಲ್ಲಿ ಕನ್ನಡದ ಭಾಗ ಪಾಳು ಬಿದ್ದಿತ್ತು. ನಾನು ಎರಡು ತಪ್ಪು ತಿದ್ದಿ ಕಳಿಸಿದೆ. "ಇನ್ನು ಮುಂದೆ ಕನ್ನಡವನ್ನು ನೀವೇ ನೋಡಿಕೊಳ್ಳಿ" ಎಂದು ಆತ ಬರೆದ. ಹಾಗೆ ನಾನು ನಿರ್ವಾಹಕಿಯಾದೆ. ಬಾವಿಯ ಹತ್ತಿರ ನಿಂತವಳ ಕೈಗೆ ಹಗ್ಗ ಬಂದ ಹಾಗೆ.

ಫೋನು ಮಾಡಿದವರು ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಟೀಚರ್. ಊರು ತೆಂಗಳಿ, ಒಕ್ಕಲುತನದ ಮನೆ. ಹುಟ್ಟಿದಾಗಿನಿಂದ ಕಣ್ಣು ಕಾಣದು. ತಂತ್ರಾಂಶದ ಜೊತೆ ನನ್ನ ಹೆಸರು, ಊರು ಇದ್ದವು; ಫೋನು ನಂಬರು ಇರಲಿಲ್ಲ. ಅದನ್ನು ನಮ್ಮ ಕಾಲೇಜಿನ ಗುಮಾಸ್ತರಿಂದ ವಸೂಲು ಮಾಡಿದ್ದರು.

ಮರುವಾರ ಪ್ಯಾಸೆಂಜರ್ ಗಾಡಿ ಹತ್ತಿ ಅವರ ಮನೆಗೆ ಹೋದೆ. ಟೀಚರ್ ಜೊತೆಗೆ ತಂಗಿ ಇದ್ದಳು. ಪತ್ರಿಕೆ, ಪಾಠದ ಪುಸ್ತಕ, ಇಲಾಖೆಯ ಸುತ್ತೋಲೆ, ಊರಿನಿಂದ ಬಂದ ಕಾಗದ, ಎಲ್ಲವನ್ನೂ ಅಕ್ಕನಿಗೆ ಓದಿ ಹೇಳುತ್ತಿದ್ದವಳು ಅವಳೇ. ಬ್ರೈಲ್ ಪುಸ್ತಕ ಬರುವಷ್ಟರಲ್ಲಿ ಆ ಪಾಠವೇ ಮುಗಿದಿರುತ್ತಿತ್ತಂತೆ. ಆ ತಂಗಿಯ ಮದುವೆ ವೈಶಾಖಕ್ಕೆ ನಿಶ್ಚಯವಾಗಿತ್ತು. ಗಂಡಿನ ಮನೆ ಚಿಂಚೋಳಿ.

"ಇಕಿ ಹೋದ ಮ್ಯಾಲ ನನಗ ಓದಿ ಹೇಳೋರು ಯಾರದಾರ? ಆಜೂಬಾಜೂದವರ ಮನಿ ಬಾಗಿಲು ಬಡೀಲೇನು? ಅಷ್ಟರಾಗ ಈ ಮಶಿನ್ ಶಾಣ್ಯಾ ಆಗಬೇಕ್ರಿ," ಅಂದರು ಟೀಚರ್.

ತಂಗಿ ಟೈಪು ಮಾಡಿಟ್ಟಿದ್ದ ಪಾಠದ ಸಾಲೊಂದನ್ನು ಓದಿಸಿದರು. 'ಹಳ್ಳಿಯ ಜನರ ಮುಖ್ಯ ಬೆಳೆ ತೊಗರಿ' ಎಂದು ಪರದೆಯ ಮೇಲಿತ್ತು. 'ಹಲ್ಲಿಯ ಜನರ ಮುಖ್ಯ ಬೆಲೆ ತೊಗರಿ' ಎಂದು ಕಂಪ್ಯೂಟರ್ ಪೆಟ್ಟಿಗೆ ಗಂಭೀರವಾಗಿ ಓದಿತು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಇದಿರಲಿ," ಅಂದರು ಟೀಚರ್. "'ಗುರುಗಳು ಹೇಳಿದರು' ಅಂಬೋದನ್ನ ಹ್ಯಾಂಗ ಓದ್ತದ ಕೇಳೀರೇನು? ನಾ ನನ್ನ ಬಾಯಿಂದ ಅನ್ನಂಗಿಲ್ಲ."

ಕೇಳಿದೆ. ಗುರುಗಳ ಮರ್ಯಾದೆ ಪೂರ್ತಿ ಹೋಗಿತ್ತು. ನನಗೂ ನಗು ತಡೆಯಲಿಲ್ಲ. ಆದರೆ ಗಾಡಿಯಲ್ಲಿ ವಾಪಸು ಬರುವಾಗ ಯೋಚಿಸಿದರೆ ನಗುವಂಥದ್ದೇನೂ ಇರಲಿಲ್ಲ. ಈಯಮ್ಮ ಇದೇ ದನಿಯನ್ನು ನಂಬಿಕೊಂಡು ನಾಳೆ ತರಗತಿಯಲ್ಲಿ ನಿಲ್ಲಬೇಕು.

ತಪ್ಪು ಎಲ್ಲಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ತಂತ್ರಾಂಶದ ದನಿಗಳ ಉಗ್ರಾಣದಲ್ಲಿ ಳ ಎಂಬ ದನಿಯೇ ಇರಲಿಲ್ಲ. ಕನ್ನಡದ ಳ ಬಂದಲ್ಲೆಲ್ಲ ಲ ಬಳಸು ಎಂದು ಹಿಂದೆ ಯಾರೋ ಬರೆದಿಟ್ಟಿದ್ದರು. ಗೊತ್ತಿದ್ದಷ್ಟು ಸರಿಮಾಡಿ, ಹೊಸ ದನಿಯೊಂದನ್ನು ಸೇರಿಸಿ, ಟೀಚರ್ ಕಂಪ್ಯೂಟರಿಗೆ ಹಾಕಿಕೊಟ್ಟೆ. ಹದಿನೈದು ದಿನ ಹಳ್ಳಿ ಹಳ್ಳಿಯಾಗಿಯೇ ಉಳಿಯಿತು. ಆಮೇಲೆ ಮೂಲ ತಂತ್ರಾಂಶದ ಹೊಸ ಆವೃತ್ತಿ ಬಂತು. ತಂಗಿ ಅದನ್ನು ಶ್ರದ್ಧೆಯಿಂದ ಇಳಿಸಿ ಹಾಕಿದಳು, ನಾನು ಮಾಡಿದ್ದೆಲ್ಲ ಅಳಿಸಿ ಹೋಯಿತು. ಮತ್ತೆ ಫೋನು.

"ಹಲ್ಲಿ ಹೊಳ್ಳಿ ಬಂತ್ರಿ ಮೇಡಂ."

ತಿದ್ದುಪಡಿ ಮೂಲದಲ್ಲೇ ಸೇರಬೇಕು, ಇಲ್ಲದಿದ್ದರೆ ಜೀವಮಾನವೆಲ್ಲ ಇದೇ ಹಾಡು ಎಂದು ಅವತ್ತು ತಿಳಿಯಿತು. ಆ ಪರದೇಶದಾತನಿಗೆ ನನ್ನ ತಿದ್ದುಪಡಿ ಕಳಿಸಿದೆ. ಒಂದು ತಿಂಗಳಾದ ಮೇಲೆ ಉತ್ತರ ಬಂತು. 'ನನಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಒಂದು ಭಾಷೆಗಾಗಿ ಹೊಸ ದನಿ ಸೇರಿಸಿದರೆ ತಂತ್ರಾಂಶ ದಪ್ಪವಾಗುತ್ತದೆ. ಬಳಸುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದಲ್ಲ?' ಆತ ಕೆಟ್ಟವನಲ್ಲ. ಅವನಿಗೂ ಸಂಬಳವಿಲ್ಲ, ಅವನ ತಲೆಯ ಮೇಲೆ ಹತ್ತಾರು ಭಾಷೆಗಳ ದೂರು. ಆದರೂ ನನ್ನ ಮೈ ಉರಿದು ಹೋಯಿತು.

ಅದೇ ದಿನಗಳಲ್ಲಿ ಉಳಿದ ಬಳಕೆದಾರರೂ ನನ್ನನ್ನು ಬಿಟ್ಟಿರಲಿಲ್ಲ. ದನಿ ಹೆಣ್ಣಿನದಾಗಬೇಕು ಎಂದು ಒಬ್ಬರು. ಇಂಥ ಕೆಲಸಕ್ಕೆ ಬಾರದ್ದನ್ನು ಯಾಕೆ ಹಂಚುತ್ತೀರಿ ಎಂದು ಇನ್ನೊಬ್ಬರು. ಇನ್ನೂ ಯಾಕೆ ಸರಿಹೋಗಿಲ್ಲ, ನಾಳೆಯೊಳಗೆ ಉತ್ತರ ಬೇಕು ಎಂದು ಮತ್ತೊಬ್ಬರು, ಸಾಹೇಬರು ಜವಾನನಿಗೆ ಬರೆದ ಹಾಗೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಕಟ್ಟಿದವರು ಖಂಡಿತ ಇಂಥದ್ದೇ ಏನನ್ನೋ ಪುಕ್ಕಟೆ ಹಂಚಿದ್ದಿರಬೇಕು. ಚೆನ್ನಾಗಿದೆ ಎಂದು ಬರೆದವರು ಬೆರಳೆಣಿಕೆ. ಸರಿಯಿದ್ದಾಗ ಯಾರಿಗೂ ನಮ್ಮ ನೆನಪಾಗುವುದಿಲ್ಲ.

ನಮ್ಮ ಅತ್ತೆಗೆ ಇದೆಲ್ಲ ಒಗಟು. "ಇದಕ್ಕ ಪಗಾರ ಇಲ್ಲ, ಕುಂಕುಮ ಕೊಟ್ಟು ಕರಿಯೋರಿಲ್ಲ. ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ, ಹಂಗ ಆಗಾಕತ್ತದ ನಿಂದು," ಅಂದರು.

"ಆಗ್ಲಿ ಬಿಡ್ರಿ ಅತ್ಯಾ. ಆದ್ರ ಈ ಳ ಮಾತ್ರ ನಾ ಬಿಡಂಗಿಲ್ಲ."

"ಯಾವ ಳ?"

ಕತೆಯೆಲ್ಲ ಹೇಳಿದೆ. ಗುರುಗಳ ಪಾಡು ಕೇಳಿ ಅವರು "ಶಿವ ಶಿವಾ" ಎನ್ನುವವರು ತಡೆದು "ಹರಿ ಹರಿ" ಅಂದರು, ನಮ್ಮದು ವೈಷ್ಣವರ ಮನೆಯಲ್ಲವೇ. ಆಮೇಲೆ ತಾವೇ ಎದ್ದು ಬಂದು ಮೈಕಿನ ಮುಂದೆ ಕೂತರು. "ಹ್ಞೂಂ, ನಾ ಅಂತೀನಿ, ತುಂಬಿಕೋ."

ಆಗ ನನಗೆ ದಾರಿ ಹೊಳೆಯಿತು. ಒಂದು ಭಾಷೆಗಾಗಿ ಯಾಕೆ ಎಂದು ಆತ ಕೇಳಿದ್ದ. ಒಂದೇ ಭಾಷೆಯದ್ದೆಂದು ಹೇಳಿದವರು ಯಾರು? ಮೂರು ಭಾಷೆಯ ಳ ಹುಡುಕಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಅತ್ತೆಯದು ಕನ್ನಡದ ಳ ಆಯಿತು. ನಮ್ಮ ಕಾಲೇಜಿನಲ್ಲೇ ಮನೆಮಾತು ತೆಲುಗಿನ ಸಹೋದ್ಯೋಗಿಯಿದ್ದರು, ಅವರನ್ನು ಕೂಡಿಸಿ ಹೇಳಿಸಿದೆ. ಮರಾಠಿಗಾಗಿ ವಾಡಿಗೆ ಹೋದೆ. ಅಲ್ಲಿನ ರೈಲ್ವೆ ಮನೆಗಳ ಸಾಲಿನಲ್ಲಿ ಗೆಳತಿಯೊಬ್ಬಳಿದ್ದಳು. ಅವಳು ಬಾಯಿ ತೆರೆದಾಗಲೆಲ್ಲ ಒಂದು ಗೂಡ್ಸ್ ಗಾಡಿ ಕೂಗುತ್ತಿತ್ತು. ಕೊನೆಗೆ ಕಿಟಕಿಗೆ ಕಂಬಳಿ ಕಟ್ಟಿ, ಬೆವರು ಒರೆಸಿಕೊಳ್ಳುತ್ತ ಮುಗಿಸಿದೆವು.

ಜೋಡಿ ಜೋಡಿ ಪದಗಳನ್ನು ಕಳಿಸಿದೆ: ಹಳ್ಳಿ, ಹಲ್ಲಿ, ಬೆಳೆ, ಬೆಲೆ, ಕಳಿಸು, ಕಲಿಸು. ಒಂದೊಂದರ ಅರ್ಥ ಬರೆದೆ. ಗುರುಗಳ ಮಾತನ್ನೂ ಅರ್ಥ ಸಮೇತ ಬರೆದೆ, ನಾಚಿಕೆ ಬಿಟ್ಟು. ಮೂರು ಭಾಷೆಯವರಿಗೆ ಇದು ಬೇಕು, ಆಗುವುದಿಲ್ಲ ಎಂದರೆ ಮತ್ತೆ ಬರೆಯುತ್ತೇನೆ ಎಂದೂ ಸೇರಿಸಿದೆ. ಉತ್ತರ ಬಾರದಿದ್ದಾಗ ಮತ್ತೆ ಬರೆದೆ. ಕರೆಂಟು ಹೋಗಿ ಅರ್ಧ ಬರೆದದ್ದು ಅಳಿಸಿಹೋದಾಗ ಮೊದಲಿನಿಂದ ಬರೆದೆ. ಯುಗಾದಿ ಬಂತು, ಹೋಯಿತು.

ವೈಶಾಖದಲ್ಲಿ ತಂಗಿಯ ಮದುವೆಯಾಯಿತು. ನಾನೂ ಹೋಗಿದ್ದೆ. ಅಕ್ಷತೆ ಹಾಕಿ ಬಂದು ಪಕ್ಕದಲ್ಲಿ ಕೂತರೆ ಟೀಚರ್ ಮಶಿನ್ನಿನ ಮಾತೆತ್ತದೆ ನನ್ನ ಊಟ ವಿಚಾರಿಸಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮರುದಿನ ತಂಗಿ ಚಿಂಚೋಳಿಗೆ ಹೋದಳು. ನಾನು ಸೋತೆ ಎಂದುಕೊಂಡೇ ಮನೆಗೆ ಬಂದೆ, ಬಂದವಳು ಅದೇ ಸಂಜೆ ಮತ್ತೊಂದು ಪತ್ರ ಬರೆದೆ.

ಮೂರನೆಯ ವಾರ ಆತನ ಉತ್ತರ ಬಂತು. ಕಿವಿಗೆ ಈಗಲೂ ವ್ಯತ್ಯಾಸ ಗೊತ್ತಾಗುತ್ತಿಲ್ಲವಂತೆ. ಆದರೆ ನಾನು ಕಳಿಸಿದ ದನಿಗಳನ್ನು ಪರದೆಯ ಮೇಲೆ ಚಿತ್ರ ಮಾಡಿ ನೋಡಿದನಂತೆ. ಮೂರೂ ಭಾಷೆಯ ಳದ ಗೆರೆ ಒಂದೇ ರೀತಿ ಬಾಗಿತ್ತು, ಲದ ಗೆರೆ ಬೇರೆಯೇ ಇತ್ತು. 'ನನಗೆ ಕೇಳಿಸುವುದಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದದ್ದು ತಪ್ಪು. ಸೇರಿಸಿದ್ದೇನೆ' ಎಂದು ಬರೆದಿದ್ದ. ನಾನು ಕುರ್ಚಿಯಿಂದೆದ್ದು ಅತ್ತೆಯ ಕೈ ಹಿಡಿದು ಕುಣಿದುಬಿಟ್ಟೆ. ಅವರು ಮಡಿಯಲ್ಲಿದ್ದರು. ಬೈಸಿಕೊಂಡೆ.

ಹೊಸ ಆವೃತ್ತಿ ಹೊರಬಂದ ಭಾನುವಾರ ಚಿತ್ತಾಪುರಕ್ಕೆ ಹೋದೆ. ಟೀಚರ್ ಒಬ್ಬರೇ ಇದ್ದರು. ಮೇಜಿನ ಮೇಲೆ ಓದಿಸಿಕೊಳ್ಳದ ಕಾಗದಗಳು ಬಿದ್ದಿದ್ದವು. ತಂತ್ರಾಂಶ ಹಾಕಿಕೊಟ್ಟೆ. ಅವರು ಅದೇ ಪಾಠವನ್ನು ಓದಿಸಿದರು. ಹಳ್ಳಿ, ಬೆಳೆ, ಗುರುಗಳು, ಎಲ್ಲ ಸರಿಯಾಗಿ ಬಂದವು.

"ಹ್ಞೂಂ," ಅಂದರು. "ಪಾಸಾತು."

ಅಷ್ಟೇ. ಇನ್ನೂ ಏನಾದರೂ ಅಂದಾರು ಎಂದು ಕಾದೆ, ಅವರು ಆಗಲೇ ಮಿಂಚಂಚೆ ತೆರೆಯುತ್ತಿದ್ದರು. ತಂಗಿ ಚಿಂಚೋಳಿಯ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಕನ್ನಡದಲ್ಲೇ ಬರೆದಿದ್ದಳು. 'ಅಕ್ಕಾ, ನೀ ಭಾಳ ನೆನಪಾಗಾಕತ್ತಿ' ಎಂದು ಪೆಟ್ಟಿಗೆ ಶುರು ಮಾಡಿತು. ಟೀಚರ್ ಕೀಲಿ ಒತ್ತಿ ನಿಲ್ಲಿಸಿದರು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಜರಾ ಹೊರಗ ಕುಂದ್ರತೀರೇನು?"

ನನಗೆ ತಕ್ಷಣ ತಿಳಿಯಲಿಲ್ಲ. ಏನಾದರೂ ಕೆಟ್ಟಿತೇ ಎಂದು ಪರದೆ ನೋಡಿದೆ.

"ಇಲ್ರಿ, ಮಶಿನ್ ಬರೋಬ್ಬರಿ ಅದ," ಅಂದರು. ದನಿ ಮೊದಲ ಸಲ ಮೆತ್ತಗಾಗಿತ್ತು. "ನನಗ ಬಂದ ಕಾಗದ ಇಲ್ಲೀತನಕ ಒಂದೂ ನಾ ಒಬ್ಬಾಕೀನೇ ಓದಿಲ್ರಿ. ಮೊದಲು ಮತ್ತೊಬ್ಬರು ಓದ್ಯಾರ, ಆಮ್ಯಾಲ ನಾ ಕೇಳೀನಿ. ಓದಿದಾಕಿ ತಂಗಿ ಆದ್ರೂ ಅಷ್ಟ. ಇದೊಂದು ನಾ ಒಬ್ಬಾಕೀನೇ ಓದ್ತೀನಿ."

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಕಟ್ಟೆಯ ಮೇಲೆ ಕೂತ ಮೇಲೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅಷ್ಟು ವರ್ಷ ಈ ಕೆಲಸ ಮಾಡಿದರೂ ಯಾರೂ ನನಗೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಒಳಗಿನಿಂದ ಸಣ್ಣಗೆ ಓದುವ ಸದ್ದು, ನಡುವೆ ಟೀಚರ್ ನಗು, ಮತ್ತೆ ಮೊದಲಿನಿಂದ ಓದು. ನಾನು ಕಿವಿಗೊಡಲಿಲ್ಲ. ವಾಡಿಯಿಂದ ಬರುವ ಗಾಡಿಗೆ ಹೊತ್ತಾಗುತ್ತಿತ್ತು. ಹೋದರೆ ಹೋಗಲಿ, ಬಸ್ಸಿದೆ ಎಂದುಕೊಂಡು ಅಲ್ಲೇ ಕೂತೆ. ಬಾಗಿಲು ಬಡಿಯಲಿಲ್ಲ.